ಕುಂತ ಎತ್ತರದ ಅಳತಿ

ನರ್ಸ್ ನೌಕರಿ ಬಿಟ್ರ ಫಜೀತಿ ಬಿಡತಾವ ಅಂತ ತಿಳಕೊಂಡಿದ್ದೆ. ಎಲ್ಲಿ ಬಿಡತಾವ್ರಿ? ಕೈಯಾಗಿನ ಸೂಜಿ ಹೋಗಿ ಅಳತಿಕೋಲು ಬಂತು, ಫಜೀತಿ ಮಾತ್ರ ಇದ್ದಲ್ಲೇ ಅದಾವು.

೧. ಮುನ್ನುಡಿ, ಅತ್ತಿ ಬಾಯಿಲೆ

ಬೈಲಹೊಂಗಲದ ಒಂದು ದವಾಖಾನ್ಯಾಗ ಹನ್ನೆರಡು ವರ್ಷ ನರಸಬಾಯಿ ಆಗಿದ್ದೆ. ಆಮ್ಯಾಲ ಹುಚ್ಚ ಹಿಡೀತು, ಮನುಷ್ಯಾರ ಮೈಕಟ್ಟಿನ ಬಗ್ಗೆ ಸಂಶೋಧನಾ ಮಾಡಾಕ ನಿಂತೆ. ಗೈಡ್ ಸರ್ ಕಡ್ಡಿ ಮುರದಂಗ ಹೇಳಿದ್ರು: "ಒಂದೊಂದು ಮನ್ಯಾಗಿನ ಮೂರು ಮೂರು ತಲಿಮಾರಿನ ಅಳತಿ ಬೇಕು. ಶ್ರಾವಣ ಮುಗಿಯೂದ್ರೊಳಗ ತರಲಿಲ್ಲಂದ್ರ ಪಿಎಚ್‌ಡಿ ಮರತಬಿಡ್ರಿ." ನೌಕರಿ ಅಂತೂ ಹೋಗಿತ್ತು, ಇದೂ ಹೋದ್ರ ನಾ ಯಾವ ಮೋತಿ ತೋರಸ್ಲಿ?

ಬಾಜೂಮನಿ ವೈನಿ ನಮ್ಮತ್ತಿಗೆ ಕೇಳಿದ್ರು, "ಸೊಸಿ ಏನ ಮಾಡ್ತಾಳರಿ ಈಗ?"

"ಮೊದಲ ಮಂದೀನ ಉಳಸ್ತಿದ್ಲವಾ. ಈಗ ಉಳದವ್ರ ಎಲಬ ಎಣಸಾಕ ಹೊಂಟಾಳ."

೨. ಕಿತ್ತೂರಿನ ಪಟಕಾ

ಹುಡುಗ್ರು ಅಳಸ್ಕೋತಾವು, ಬಿಸ್ಕೀಟ ಕೊಟ್ರ ಸಾಕು. ಹಿರ್ಯಾರದ್ದ ಕಷ್ಟ. ಕಿತ್ತೂರಾಗ ಒಬ್ಬ ಯಜಮಾನ್ರ ಮನಿಗೆ ಹೋದೆ. ತಲಿ ಅಗಲ ಅಳೀಬೇಕು, ಪಟಕಾ ತಗೀರಿ ಅಂದೆ. ಅಷ್ಟಕ್ಕ ಸಿಟ್ಟ ನೆತ್ತಿಗೇರಿತು.

"ಏನ ಮಾತಾಡ್ತೀರಿ? ಮದವಿಯಾಗಿ ನಲವತ್ತ ವರ್ಷಾತು, ನನ್ನ ಬೋಳತಲಿ ನನ್ನ ಹೇಂತಿ ಸೈತ ನೋಡಿಲ್ಲ!"

ಅಡಗಿಮನಿಯಿಂದ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.

"ನೋಡೇನಿ, ತಗೀರಿ. ಮಧ್ಯಾಹ್ನ ಗೊರಕಿ ಹೊಡಿಯೂ ಮುಂದ ಅದರ ಮ್ಯಾಲಿನ ನೊಣಾ ದಿನಾ ಹೊಡಿಯಾಕಿ ನಾನ."

೩. ಸವದತ್ತಿಯೊಳಗ ಹಳೇ ಪಾಪ

ಸವದತ್ತಿಯ ಒಂದು ಓಣಿ ಕಟ್ಟಿ ಮ್ಯಾಲ ಐದಾರು ಮುದುಕ್ರನ್ನ ಹೆಂಗೋ ಪುಸಲಾಯಿಸಿ ಕುಂಡ್ರಿಸಿದ್ದೆ. ಬಿಪಿ ನೋಡ್ತೇನಿ ಅಂತ ಆಸೇನೂ ತೋರಿಸಿದ್ದೆ. "ಏನೂ ನೋವ ಆಗೂದಿಲ್ಲರಿ" ಅಂದೆ ನೋಡ್ರಿ, ದನಿ ಗುರತ ಹಿಡದು ಒಬ್ಬ ಪೈಲ್ವಾನನಂಥ ಮನಶ್ಯಾ ರಸ್ತಾದಾಗ ಗಕ್ಕನ ನಿಂತ.

"ಏ ಮುತ್ಯಾ, ಏಳ್ರಿ ಮ್ಯಾಲ! ಈ ನರಸಬಾಯಿ ಮಾತ ನಂಬಬ್ಯಾಡ್ರಿ. ನನಗೂ ಇರಿವಿ ಕಡದಂಗ ಆಕ್ಕೈತಿ ಅಂತ ಹೇಳೇ ಚುಚ್ಚಿದ್ರು. ಮೂರ ದಿನ ಕುಂಡಿ ಊರಲಿಲ್ಲ ನಾನು!"

ಕಟ್ಟಿ ಖಾಲಿ. ಕೋಲ ಹಿಡದು ಕುಂಟಕೋತ ಬಂದಿದ್ದ ಮುತ್ಯಾ ಕೋಲ ಅಲ್ಲೇ ಬಿಟ್ಟ ಓಡಿದ್ದ.

೪. ಸಿರಸಂಗಿಯ ಅಜ್ಜಿ

ಶ್ರಾವಣದ ಕಡೇ ವಾರ. ಸಿರಸಂಗಿಯೊಳಗ ಒಂದು ದೊಡ್ಡ ಮನಿ ಒಪ್ಪಿತು. ಎಲ್ಲಾರದ್ದೂ ಮುಗೀತು, ಉಳದಾಕಿ ಎಂಬತ್ತ ದಾಟಿದ ಅಜ್ಜಿ. ನಮ್ಮ ಶಾಸ್ತ್ರದಾಗ ಕುಂತ ಎತ್ತರ ಅಂತ ಒಂದ ಅಳತಿ ಐತಿ. ಅಜ್ಜೀನ ನೆಲದ ಮ್ಯಾಲ ಚಕ್ಕಳಬಕ್ಕಳ ಹಾಕಿ ನೆಟ್ಟಗ ಕುಂಡ್ರಿಸಿ, ಬೆನ್ನಿಗೆ ಕೋಲ ಹಚ್ಚಿ ನೆತ್ತೀತನಾ ಅಳ್ಯಾಕತ್ತಿದ್ದೆ.

ಹಿರೇ ಸೊಸಿ ಕೈಯಾಗಿನ ಚಾದ ಕಪ್ಪ ಕೆಳಗ ಬಿತ್ತು.

"ಅಯ್ಯ ಶಿವನ! ಜೀವಂತ ಇದ್ದಾಗನ ಕುಣಿ ಅಳತಿ ತಗೀತೀರೇನ್ರಿ?"

ಆಗ ನನಗ ತಿಳೀತು. ನಮ್ಮ ಲಿಂಗಾ ಕಟ್ಟೂ ಮಂದಿ ಸತ್ತವ್ರನ್ನ ಮಲಗಸೂದಿಲ್ಲ, ಕುಣಿ ತೋಡಿ ಹಿಂಗ ಕುಂಡ್ರಿಸೇ ಮಣ್ಣ ಮಾಡ್ತಾರ. ನಾನೂ ಅದೇ ಮಂದ್ಯಾಗ ಹುಟ್ಟಿದಾಕಿ, ಬುದ್ಧಿ ಎಲ್ಲಿಟ್ಟಿದ್ದೆನೋ! ಹೊಲದಿಂದ ಅಜ್ಜಿ ಮಕ್ಕಳು ಓಡಿ ಬಂದ್ರು, ಓಣಿ ಕೂಡಿತು. ಮುಗೀತು ನನ್ನ ಪಿಎಚ್‌ಡಿ ಅಂತ ಕೋಲ ಮಡಚಾಕತ್ತೆ.

ಅಜ್ಜಿ ಕುಂತಲ್ಲಿಂದ ಗದರಿಸಿದ್ಲು. "ಬಾಯಿ ಮುಚ್ಚರಿ ಎಲ್ಲಾರೂ! ನಿಮ್ಮಪ್ಪಗ ಅಂದಾಜಿನ ಮ್ಯಾಲ ಕುಣಿ ತೋಡಿದ್ರಿ. ಮೊಣಕಾಲ ಹಿಡೀಲಿಲ್ಲ, ಚೀಲದಾಗ ಹತ್ತಿ ತುರಕಿದಂಗ ಒತ್ತಿ ಒತ್ತಿ ಕುಂಡ್ರಿಸಿದ್ರಿ. ನನಗ ಹಂಗ ಆಗಬಾರ್ದು. ಅಳತಿ ತಗೋವಾ ನೀ. ಮೊಣಕಾಲ ಕಡೆ ನಾಕ ಬೆರಳ ಹೆಚ್ಚಿಗಿ ಹಿಡಿ."

ಸ್ವಲ್ಪ ಹೊತ್ತಿಗೆ ಬಾಜೂಮನಿ ಅಜ್ಜ ಬಂದು, "ಹಂಗಾರ ನಂದೂ ಒಂದ ಬರಕೋರಿ" ಅಂದ. ಅವನ ಹಿಂದ ಅವನ ಹೇಂತಿ, ಅಕಿ ಹಿಂದ ಅಕಿ ನೆಗೆಣ್ಣಿ. ಮಧ್ಯಾಹ್ನದೊಳಗ ಊರಿನ ಹಿರ್ಯಾರೆಲ್ಲ ಪಾಳಿ ಹಚ್ಚಿದ್ರು. ಕಿತ್ತೂರು, ಸವದತ್ತಿ ಎರಡೂ ಊರಾಗ ಸಿಗದ ಅಳತಿ ಒಂದ ದಿನದಾಗ ಸಿಕ್ಕವು. ಖುಷಿಗೆ ನನ್ನ ಕಣ್ಣಾಗ ನೀರ ಬಂದವು.

ಎದ್ದು ಹೊಂಡೂ ಮುಂದ ಅಜ್ಜಿ ಕೈ ಹಿಡದು ಕುಂಡ್ರಿಸಿಕೊಂಡ್ಲು.

"ಅಳತಿ ಚಲೋ ತಗೊಂಡಿ ಮಗಳ. ಕುಣಿ ತೋಡಾಕೂ ನೀನ ಬರ್ತೀಯೋ, ಬ್ಯಾರೆ ಆಳ ಕಳಸ್ತೀಯೋ?"