ಅಲಸಂದಿಗೆ ಬೆಕ್ಕಿನ ಸಾಕ್ಷಿ

"ಕೊಟ್ರೇಶಾ, ನಿಮ್ಮ ಅಡಿಗಿಮನ್ಯಾಗ ಏನರ ಸತ್ತದೇನೋ?"

ಗೋಡೆಯಾಚೆಯಿಂದ ವೀರಭದ್ರಮ್ಮನ ದನಿ ಬಂದಾಗ ಕೊಟ್ರೇಶ ಮೂಗಿಗೆ ಟವೆಲ್ ಕಟ್ಟಿಕೊಂಡು ಕುಕ್ಕರಿನ ಮುಂದೆ ನಿಂತಿದ್ದ.

"ಏನೂ ಸತ್ತಿಲ್ಲ ಯವ್ವಾ. ಅಲಸಂದಿ ಕುದಸಾಕತ್ತೀನಿ."

"ಮದಿವ್ಯಾಗಿ ಬಂದಾಗಿಂದ ನಾನೂ ಅಲಸಂದಿ ಕುದಸಾಕತ್ತೀನಿ. ಅದು ಹಿಂಗ ನಾರಂಗಿಲ್ಲ!"

ಕೊಟ್ರೇಶನ ಮಾಳಿಗೆಯ ಕೋಣೆಯಲ್ಲಿ ಟುಂಡೆ ಎಂಬ ನೈಜೀರಿಯಾದ ಹುಡುಗ ಬಾಡಿಗೆಗಿದ್ದ. ರಾಯಚೂರಿನಲ್ಲಿ ಕೃಷಿ ಓದಲು ಬಂದವನು, ಓಣಿಯ ಮಾತನ್ನೂ ಕಲಿತುಬಿಟ್ಟಿದ್ದ. ಇವತ್ತು ಅವನ ಕೊನೆಯ ಪರೀಕ್ಷೆ, ಮುಂದೂಡಿ ಭಾನುವಾರಕ್ಕೆ ಬಂದದ್ದು. "ಪರೀಕ್ಷಿ ಮುಗಿದ ದಿನ ನಮ್ಮವ್ವ ಅಲಸಂದಿ ಗಟ್ಟಿ ಸಾರು ಮಾಡ್ತಿದ್ಳು" ಎಂದು ಬೆಳಿಗ್ಗೆ ಅವನು ಮುಖ ಸಣ್ಣದು ಮಾಡಿದಾಗ ಕೊಟ್ರೇಶನ ಕರುಳು ಚುರ್ ಎಂದಿತ್ತು. "ನಾ ಮಾಡ್ತೀನಿ, ನೀ ಹೋಗಿ ಪರೀಕ್ಷಿ ಬರಿ" ಎಂದಿದ್ದ. ಟುಂಡೆ ತನ್ನ ತಾಯಿ ಕಳಿಸಿದ ಕಪ್ಪು ಬೀಜದ ಪೊಟ್ಟಣವೊಂದನ್ನು ಕೊಟ್ಟು, "ಒಂದು ಚಮಚಿ ಸಾಕ್ರಿ ಅಣ್ಣಾರ" ಎಂದಿದ್ದ.

ಆದರೆ ಕೊಟ್ರೇಶನದು ದಾಸೋಹದ ಕೈ. ಮಠದ ಕೊಪ್ಪರಿಗೆಯ ಪಕ್ಕದಲ್ಲೇ ಅಡುಗೆ ಕಲಿತವನಿಗೆ ಚಮಚದ ಲೆಕ್ಕ ತಿಳಿಯದು. ಮೆಣಸಿನಕಾಯಿ, ಉಳ್ಳಾಗಡ್ಡಿ ಅರೆದು ಶೇಂಗಾ ಎಣ್ಣೆಯಲ್ಲಿ ಹುರಿದು, ಮೇಲೆ ಪೊಟ್ಟಣವನ್ನೇ ಬೋರಲು ಹಾಕಿದ್ದ.

ಒಂದೊಂದು ಸೀಟಿಗೂ ವಾಸನೆ ಒಂದೊಂದು ಮನೆ ದಾಟಿತು. ಓಣಿಯ ಬೆಕ್ಕುಗಳೆಲ್ಲ ಬಂದು ಕಾಂಪೌಂಡಿನ ಮೇಲೆ ಊಟದ ಪಂಕ್ತಿಯಂತೆ ಸಾಲಾಗಿ ಕುಳಿತವು. ಎಲೆ ಹಾಕುವುದೊಂದೇ ಬಾಕಿ.

ಬೇರೆ ದಿನವಾಗಿದ್ದರೆ ನಕ್ಕುಬಿಡಬಹುದಿತ್ತು. ಆದರೆ ನಾಳೆ ಶ್ರಾವಣದ ಮೊದಲ ಸೋಮವಾರ, ಮಠದಲ್ಲಿ ದೊಡ್ಡ ದಾಸೋಹ. ಇಷ್ಟು ವರ್ಷ ಕುಂಬಳಕಾಯಿ ಹೆಚ್ಚುತ್ತ ಮೂಲೆಯಲ್ಲಿ ಕುಳಿತಿದ್ದ ಕೊಟ್ರೇಶನಿಗೆ ಇದೇ ಮೊದಲ ಸಲ ಹುಗ್ಗಿಯ ಮುಖ್ಯ ಸೌಟು ಸಿಕ್ಕಿತ್ತು. ನಿನ್ನೆಯೇ ಮನೆಗೆ ಬಂದ ಆ ಹಿತ್ತಾಳೆ ಸೌಟಿಗೆ ಹೆಂಡತಿ ಶೈಲಜಾ ಹೂ ಏರಿಸಿ, ಫೋಟೋ ತೆಗೆದು, ದೇವದುರ್ಗದಿಂದ ಮಾನ್ವಿಯವರೆಗೆ ಇದ್ದಬದ್ದ ನೆಂಟರಿಗೆಲ್ಲ ಕಳಿಸಿ, ಸಾಲದ್ದಕ್ಕೆ ಬಾಯಿಂದಲೂ ಹೇಳಿ ಬರಲು ತವರಿಗೆ ಹೋಗಿದ್ದಳು.

ಅಷ್ಟರಲ್ಲಿ ದಾಸೋಹ ಸಮಿತಿಯ ಅಧ್ಯಕ್ಷ ಗಡಿಗೆಪ್ಪ ಶಲ್ಯದಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು. ಬೆನ್ನ ಹಿಂದೆ ಓಣಿಯೇ ಇತ್ತು.

"ನಾಳಿ ಸೋಮವಾರ. ಇವತ್ತು ನಿನ್ನ ಒಲಿ ಮ್ಯಾಲ ಮೀನಾ?"

"ಮೀನಲ್ರಿ ಯಪ್ಪಾ, ಕಾಳು!"

"ಹೌದಾ? ಬೆಕ್ಕಿಗೆ ಯಾವಾಗಿಂದ ಕಾಳಿನ ಚಟ ಹತ್ತೇದ?"

ಮೀನಿನ ವಾಸನೆ ಬಲ್ಲವನೆಂದು ಎದುರುಮನೆಯ ಆಟೋ ಓಡಿಸುವ ಜಿಲಾನಿ ಪಾಷಾನನ್ನು ಗಡಿಗೆಪ್ಪ ಪರೀಕ್ಷೆಗೆ ಕರೆದರು. ಗೆಳೆಯ ತನ್ನನ್ನು ಪಾರು ಮಾಡುತ್ತಾನೆಂದು ಕೊಟ್ರೇಶ ನಂಬಿದ್ದ. ಪಾಷಾ ಕುಕ್ಕರಿನ ಮೇಲೆ ಬಾಗಿ, ಅತ್ತರು ಮೂಸುವವನಂತೆ ಕಣ್ಣು ಮುಚ್ಚಿದ.

"ಒಣಮೀನೇ ರೀ ಸಾಬ್. ನಮ್ಮ ಹೊಳಿದಲ್ಲ, ಸಮುದ್ರದ್ದು. ಭಾರಿ ಮಾಲು."

ಗಡಿಗೆಪ್ಪ ದನಿ ತಗ್ಗಿಸಿದರು. "ನೋಡ್ ಕೊಟ್ರೇಶ. ತಪ್ಪು ಒಪ್ಪಿಕೊಂಡವಗ ಮಠದಾಗ ಕ್ಷಮಾ ಅದ. ಸುಳ್ಳು ಹೇಳೋನ ಕೈಯಾಗ ಮಾತ್ರ ಸೌಟು ಕೊಡಂಗಿಲ್ಲ."

ಕೊಟ್ರೇಶ ಗೋಡೆಯ ದೇವರ ಮಾಡದ ಕಡೆ ನೋಡಿದ. ಸೌಟು ಹೂ ಮುಡಿದು ಹೊಳೆಯುತ್ತಿತ್ತು.

"ತಪ್ಪಾತ್ರಿ ಯಪ್ಪಾ," ಎಂದ, ನೆಲ ನೋಡುತ್ತ. "ಗೊತ್ತಿದ್ದೇ ಹಾಕೀನಿ. ಮೀನ ಅದು."

"ಯಾವ ಮೀನು ಭೈ?" ಪಾಷಾನಿಗೆ ಆಸಕ್ತಿ.

ಜನ್ಮದಲ್ಲಿ ತತ್ತಿ ಸಹ ಮುಟ್ಟದವನು ಕ್ಷಣ ತಡವರಿಸಿದ. "ದೊಡ್ಡದು."

ಗೋಡೆಯಾಚೆ ವೀರಭದ್ರಮ್ಮ, "ಶೈಲಜಾ, ಕೂತೀಯೇನವಾ? ಕೂತ್ಕೊಂಡು ಕೇಳು," ಎಂದು ಫೋನಿನಲ್ಲಿ ಹೇಳುವುದು ಕೇಳಿಸಿತು. ಕೊಟ್ರೇಶನ ಮುಖ ಖಾರಪುಡಿ ಮೆತ್ತಿದಂತೆ ಉರಿಯಿತು. ಮೂಗಿನ ಟವೆಲನ್ನು ಕಣ್ಣಿನವರೆಗೆ ಏರಿಸಿಕೊಂಡ.

"ಆತು," ಗಡಿಗೆಪ್ಪ ಕರಗಿದರು. "ಜಳಕ ಮಾಡಿ, ವಿಭೂತಿ ಹಚಗೊಂಡು ಬಾ. ಸೌಟು ನಿಂದ."

ಕೊಟ್ರೇಶ ಉಸಿರು ಬಿಡುವಷ್ಟರಲ್ಲಿ ಟುಂಡೆ ಗುಂಪು ಸರಿಸಿಕೊಂಡು ಒಳಗೆ ಬಂದ.

"ಅಯ್ಯ, ಪೂರಾ ಪೊಟ್ಟಣ ಹಾಕೀರೇನ್ರಿ ಅಣ್ಣಾರ?"

"ಮೀನಿನ ಪೊಟ್ಟಣ," ವೀರಭದ್ರಮ್ಮ ಗೋಡೆಯ ಮೇಲಿಂದ ತಿದ್ದಿದಳು.

"ಎಲ್ಲಿ ಮೀನ್ರಿ? ಮರದ ಬೀಜ. ಬೇಯಿಸಿ, ಹುಳಿ ಬರಿಸಿ, ಒಣಗಸ್ತಾರ, ಅದಕ್ಕ ಹಿಂಗ ನಾರತದ." ಮಾಳಿಗೆಗೆ ಓಡಿ ಇನ್ನೊಂದು ಪೊಟ್ಟಣ ತಂದು ಬಿಚ್ಚಿದ.

ಗಡಿಗೆಪ್ಪ ಜೀವಮಾನವೆಲ್ಲ ಕಾಳಿನ ವ್ಯಾಪಾರ ಮಾಡಿದವರು. ಒಂದನ್ನು ಅಂಗೈಯಲ್ಲಿ ತಿಕ್ಕಿ, ಉಗುರಿನಿಂದ ಸೀಳಿ ನೋಡಿದರು. "ಖರೇನ ಬೀಜ."

"ನೋಡ್ರಿ ಮತ್ತ!" ಕೊಟ್ರೇಶ ಟವೆಲ್ ಕಿತ್ತೆಸೆದ. "ಕಾಳಂತ ನಾ ಮೊದಲ ಹೇಳಿದ್ನಿಲ್ಲ?"

"ಮೊದಲ ಹೇಳಿದಿ. ಆಮ್ಯಾಲ ದೊಡ್ಡ ಮೀನಂದಿ." ಗಡಿಗೆಪ್ಪ ನಡೆದುಹೋಗಿ ದೇವರ ಮಾಡದಿಂದ ಸೌಟು ಇಳಿಸಿದರು. "ಮೀನಿದ್ರ ತೊಳಕೊಂಡು ಬರಬಹುದಿತ್ತು. ಸುಳ್ಳು ಯಾವ ಹೊಳ್ಯಾಗ ತೊಳೀತಿ? ನಾಳಿ ಬಾ. ಕುಂಬಳಕಾಯಿ ಹೆಚ್ಚಾಕ."

ಸೌಟು ಶಲ್ಯದೊಳಗೆ ಸೇರಿ ಹೊರಟುಹೋಯಿತು. ಓಣಿಯೂ ಅದರ ಹಿಂದೆ ಹೊರಟಿತು. ಕೊಟ್ರೇಶನ ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ತವರಿನಿಂದ ಶೈಲಜಾ.

ಟುಂಡೆ ಹೊಸ್ತಿಲ ಮೇಲೆ ತಾಟು ಹಿಡಿದು ಕುಳಿತ. "ನಮ್ಮವ್ವ ಮಾಡಿದಂಗ ಆಗೇದ್ರಿ ಅಣ್ಣಾರ. ವಾಸನಿ ಒಂಚೂರು ಹೆಚ್ಚಾಗೇದ, ಅಷ್ಟ."

"ಉಣ್ಣಪ್ಪ," ಎಂದ ಕೊಟ್ರೇಶ.

ತಾಟಿನಿಂದ ಅಲಸಂದಿ ಕಾಳೊಂದು ಅಂಗಳಕ್ಕೆ ಉರುಳಿತು. ಎಲ್ಲಕ್ಕೂ ಹಿರಿಯದಾದ ಕಿವಿಹರಕ ಬೆಕ್ಕು ಗೋಡೆಯಿಂದ ಜಿಗಿದು ಬಂದು ಅದನ್ನು ಮೂಸಿತು. ತಲೆಯೆತ್ತಿ ಕೊಟ್ರೇಶನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕಾಲಿನಿಂದ ಆ ಕಾಳಿನ ಮೇಲೆ ಮಣ್ಣು ಕೆರೆದು ಹೊರಟುಹೋಯಿತು.