ಸುಣ್ಣದ ಗಡಿಗೆ, ಕೆಮ್ಮಣ್ಣಿನ ಗಡಿಗೆ

ರಾಜೂರಿನ ಉಡಚಪ್ಪನ ಫಜೀತಿಗೆಲ್ಲ ಕಾರಣ ಎರಡು ಸಣ್ಣ ಗಡಿಗೆಗಳು. ಮದುವೆಯಾಗಿ ವರ್ಷಗಳು ಉರುಳಿದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ತಾಯಿ ಹೊನ್ನವ್ವ ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟಳು:

“ನರಗುಂದದ ದೊರಿಗೇ ದತ್ತಕ ತಗೊಳ್ಳಾಕ ಕುಂಪಣಿ ಸರಕಾರ ಬಿಡವಲ್ದಂತ. ಇನ್ನ ನಿನ್ನ ಬಿಡತೈತೇನು? ಬನ್ನಿ ಹಬ್ಬ ಮುಗೀಲಿ, ನರೇಗಲ್ಲಿಂದ ಎರಡನೇದಾಕಿನ್ನ ತರತೇನಿ.”

ತನ್ನ ಎರಡು ಪಟ್ಟಿ ಹೊಲದ ಮೇಲೆ ಕುಂಪಣಿಗೇನು ಕಣ್ಣು ಎಂದು ಉಡಚಪ್ಪನಿಗೆ ತಿಳಿಯಲಿಲ್ಲ. ತಾಯಿಗೆ ಎದುರು ಮಾತಾಡುವ ಧೈರ್ಯವೂ ಇರಲಿಲ್ಲ. ಹೆಂಡತಿ ನೀಲವ್ವ ರೊಟ್ಟಿ ಬಡಿಯುವ ಸಪ್ಪಳ ಎರಡು ಓಣಿ ಆಚೆಗೂ ಕೇಳತೊಡಗಿತು. ಅವಳ ಮೇಲೆ ಸವತಿ ತರುವುದು ಉಡಚಪ್ಪನಿಗೆ ಸುತರಾಂ ಬೇಕಿರಲಿಲ್ಲ. ಕದ್ದು ಗಜೇಂದ್ರಗಡಕ್ಕೆ ಹೋಗಿ ಹಕೀಮ ಫಕೀರಸಾಬರ ಮುಂದೆ ಕುಳಿತ.

ಫಕೀರಸಾಬರು ಜೋಳ ಊರಿದ ಎರಡು ಗಡಿಗೆ ಕೊಟ್ಟರು. ಒಂದಕ್ಕೆ ಸುಣ್ಣದ ಪಟ್ಟಿ, ಒಂದಕ್ಕೆ ಕೆಮ್ಮಣ್ಣಿನ ಪಟ್ಟಿ.

“ಸುಣ್ಣದ್ದು ನಿಂದು, ಕೆಮ್ಮಣ್ಣಿಂದು ನಿನ್ನ ಹೇಂತಿದು. ದಿನಾ ಮುಂಜಾನೆ ಅವರವರ ಗಡಿಗಿಗೆ ಅವರವರೇ ನೀರು ಬಿಡಬೇಕು. ಯಾರದು ಮೊಳೀತೈತಿ, ಅವರಲ್ಲಿ ದೋಷ ಇಲ್ಲ.”

“ಬಾವಿ ನೀರಾದರ ನಡೀತೈತ್ರಿ?”

“ಬಾವಿದಲ್ಲೋ ತಮ್ಮಾ. ನಿಮ್ಮದೇ.”

“ನಮ್ಮ ಬಾವಿ ಬತ್ತೇತ್ರಿ.”

ಹಕೀಮರು ತಲೆ ಚಚ್ಚಿಕೊಂಡು, ಅದು ನಸುಕಿನಲ್ಲಿ ಎದ್ದು ಹಿತ್ತಲಿಗೆ ಹೋಗಿ ಬಿಡುವ ನೀರೆಂದು ಕಿವಿಯಲ್ಲಿ ಬಿಡಿಸಿ ಹೇಳಿದರು. ಉಡಚಪ್ಪ ಕಿವಿಯವರೆಗೆ ಕೆಂಪಾದ.

ಗಡಿಗೆಗಳು ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ರಾಶಿಯ ಹಿಂದೆ ಕುಳಿತವು. ಗಂಡಹೆಂಡತಿ ದಿನಾ ನಸುಕಿನಲ್ಲಿ ಒಬ್ಬರಾದ ಮೇಲೊಬ್ಬರು ಕಳ್ಳರಂತೆ ಹೋಗಿ ಬಂದರು. ಹಕೀಮರು ತೋರಿಸಲು ಹೇಳಿದ ದಿನ ಸರಿಯಾಗಿ ಬನ್ನಿ ಹಬ್ಬದ ದಿನವೇ ಬಂತು. ಬೆಳಗ್ಗೆ ಉಡಚಪ್ಪ ಹೊಟ್ಟು ಸರಿಸಿ ನೋಡಿದ. ಕೆಮ್ಮಣ್ಣಿನ ಗಡಿಗೆಯಲ್ಲಿ ಗೇಣುದ್ದದ ಸಸಿ ತೂಗಾಡುತ್ತಿತ್ತು. ಸುಣ್ಣದ ಗಡಿಗೆಯಲ್ಲಿ ಒಂದು ಇರುವೆ ಓಡಾಡುತ್ತಿತ್ತು.

‘ಹಂಗಾದರ ದೋಷ ನಂದs?’ ಎಂದುಕೊಂಡ. ನಾಚಿಕೆಯಾಯಿತು. ಬೆನ್ನಿಗೇ, ನೀಲವ್ವ ಬಚಾವಾದಳು ಎಂದು ಖುಷಿಯೂ ಆಯಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೊರಟ.

ಓಣಿ ದಾಟುವ ಮೊದಲೇ ನೆರೆಮನೆಯ ರೇಣವ್ವ ಅಡ್ಡ ಬಂದಳು. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಬುಟ್ಟಿಯಲ್ಲಿ ಇಣುಕಿದವಳ ಕಣ್ಣು ಅರಳಿತು. ಹಬ್ಬಕ್ಕೆ ಮನೆ ಮನೆಯಲ್ಲಿ ದೇವಿಯ ಮುಂದೆ ಘಟ ಕೂರಿಸಿ ಸಸಿ ಬೆಳೆಸುವುದು, ಬನ್ನಿಯ ದಿನ ಅದನ್ನು ಕಿತ್ತು ಪ್ರಸಾದವೆಂದು ಮುಡಿಯುವುದು ರೂಢಿ.

“ಅಯ್ಯ, ಘಟದ ಸಸಿ! ನಮ್ಮನ್ಯಾಗ ಈ ವರ್ಷ ಹಳದಿ ಬಿದ್ದು ಸತ್ತುವು. ಇದು ನೋಡಪಾ, ಎಷ್ಟು ಹುಲುಸು!”

“ರೇಣಕ್ಕ, ಬ್ಯಾಡ, ಅದು ಅಂಥಾದ್ದಲ್ಲ...”

“ದೇವಿ ಪ್ರಸಾದ ಕೊಡಾಕ ಜಿಪುಣತನ ಮಾಡಬ್ಯಾಡೋ!” ಎಂದು ಒಂದು ಹಿಡಿ ಕಿತ್ತು ಕಣ್ಣಿಗೊತ್ತಿಕೊಂಡು ತುರುಬಿಗೆ ಸಿಕ್ಕಿಸಿದಳು. ಬಸಿರಿಲ್ಲವೆಂದು ಕೊರಗುತ್ತಿದ್ದ ಸೊಸೆ ಅಡಿವೆವ್ವನನ್ನು ಕರೆದು ಅವಳಿಗೂ ಮುಡಿಸಿದಳು. ಸುದ್ದಿ ಹಬ್ಬಿ ಓಣಿಯೇ ನೆರೆಯಿತು. ಗಂಡಸರು ರುಮಾಲಿಗೆ, ಹೆಂಗಸರು ತುರುಬಿಗೆ. ಗೌಡರಂತೂ ಎರಡು ಎಸಳು ಬಾಯಿಗೇ ಹಾಕಿಕೊಂಡರು. ಉಡಚಪ್ಪ ಕಣ್ಣು ಮುಚ್ಚಿಕೊಂಡು ನಿಂತ. ಬಾಯಿ ಬಿಟ್ಟಿದ್ದರೆ ಊರ ಬನ್ನಿಗಿಡಕ್ಕೇ ಅವನನ್ನು ಕಟ್ಟಿ ಹಾಕುತ್ತಿದ್ದರು.

ಗಜೇಂದ್ರಗಡ ಮುಟ್ಟುವಾಗ ಕೆಮ್ಮಣ್ಣಿನ ಗಡಿಗೆಯಲ್ಲಿ ನಾಲ್ಕಾರು ಸಸಿ ಉಳಿದಿದ್ದವು. ಫಕೀರಸಾಬರಿಗೆ ಅಷ್ಟೇ ಸಾಕಾಯಿತು.

“ಹೊಲ ಚಲೋ ಐತಿ, ಬಿತ್ತೂದರಾಗ ಕಸುವಿಲ್ಲ. ಹೆದರಬ್ಯಾಡ, ಇದಕ್ಕ ಔಷಧ ಐತಿ,” ಎಂದು ಒಂದು ಕುಡಿಕೆ ಲೇಹ್ಯ ಕೊಟ್ಟರು. “ದಿನಾ ಸಂಜಿಗೆ ಒಂದು ಬೆರಳು ನೆಕ್ಕು. ಹೇಂತಿ ಸಂಗಾಟ ಪ್ರೀತಿಲೆ ಇರು. ಎರಡೂ ಆಗಬೇಕು ಮತ್ತ, ಒಂದs ಆದರ ಉಪಯೋಗಿಲ್ಲ.”

ಉಡಚಪ್ಪ ಕುಡಿಕೆಯನ್ನು ಕೂಸಿನಂತೆ ಎದೆಗವಚಿಕೊಂಡು ಬಂದ. ದಾರಿಯುದ್ದಕ್ಕೂ ಒಂದೇ ಮಾತು ಬಾಯಿಪಾಠ ಮಾಡಿದ: ‘ಅವ್ವಾ, ತಪ್ಪು ನಂದು, ನೀಲಿದಲ್ಲ.’

ಹೊತ್ತು ಮುಳುಗುವಾಗ ಮನೆಯ ಮುಂದೆ ಜನವೋ ಜನ. ಗುಟ್ಟು ಬಯಲಾಯಿತೆಂದು ಅವನು ಬಂದ ದಾರಿಗೇ ತಿರುಗಿದ. ರೇಣವ್ವ ಓಡಿ ಬಂದು ಕೈ ಹಿಡಿದಳು.

“ನಮ್ಮ ಅಡಿವಿ ಮಧ್ಯಾಹ್ನದಿಂದ ವಾಂತಿ ಮಾಡಕತ್ತ್ಯಾಳೋ! ಸೂಲಗಿತ್ತಿ ಜಮಾಲಬಿ ನಾಡಿ ಹಿಡದು ನೋಡಿ ಬಸರಿ ಅಂದ್ಲು!”

“ಅಕಿಗೆ ಮೂರು ತಿಂಗಳಾಗೇತಿ ಅಂತನೂ ಹೇಳೇನಿ,” ಎಂದಳು ಪಕ್ಕದಲ್ಲಿದ್ದ ಜಮಾಲಬಿ ಬೇಸರದಿಂದ.

“ನೋಡ್ರಿ ಆ ಸಸಿ ಪವಾಡ! ಮುಂಜಾನೆ ಮುಡಿಸಿದರ ಮಧ್ಯಾಹ್ನಕ್ಕ ಮೂರು ತಿಂಗಳು!” ಎಂದಳು ರೇಣವ್ವ.

ಜನ ಕೈ ಮುಗಿದರು. ಜಮಾಲಬಿ ಹಣೆ ಹಣೆ ಬಡಿದುಕೊಂಡಳು. ಹೊನ್ನವ್ವ ಮಗನ ಗಲ್ಲ ಹಿಡಿದಳು. “ಊರಿಗೆಲ್ಲಾ ಮಕ್ಕಳಾಗೂ ಕೈಗುಣ ನಿಂದು! ಅಂದಮ್ಯಾಲ ತಪ್ಪು ಅಕಿದs. ನಾಳಿಗೇ ನರೇಗಲ್ಲಿಗೆ ಹೋಗೂನು.”

ಬಾಗಿಲ ಸಂದಿಯಲ್ಲಿ ನಿಂತಿದ್ದ ನೀಲವ್ವನ ಮುಖ ಬಾಡಿತು. ಅದನ್ನು ನೋಡಿ ಉಡಚಪ್ಪನಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಆ ಸಸಿ ನಂದಲ್ಲವ್ವಾ! ಬೆಳಿಸಿದಾಕಿ ನೀಲಿ. ನನ್ನ ಗಡಿಗ್ಯಾಗ ಒಂದು ಕಾಳೂ ಮೊಳೆತಿಲ್ಲ!”

ಮರುಕ್ಷಣ ಹೊನ್ನವ್ವ ಸೊಸೆಯ ಕಾಲಿಗೆ ದಪ್ಪನೆ ಬಿದ್ದಳು. “ನನ್ನ ತಾಯಿ, ತಪ್ಪಾತು! ಯಾವ ಹೆಣ್ಣೂ ಬ್ಯಾಡ ಈ ಮನಿಗೆ!”

ಗೆದ್ದೆ ಎಂದು ಉಡಚಪ್ಪ ಹಿಗ್ಗಿದ. ನೀಲವ್ವನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ರೇಣವ್ವ ಕೈ ಎತ್ತಿದಳು.

“ದೇವಿ ಮೈಯಾಗ ಅದಾಳ. ಇನ್ನ ಗಂಡ ಅನ್ನಾಂವ ಅಕಿನ್ನ ಮುಟ್ಟಂಗಿಲ್ಲ. ಮಡಿ ಕೆಟ್ಟರ ಊರಿಗೇ ಕೇಡು!”

ಗೌಡರು ಹೌದೆಂದರು. ಹೊನ್ನವ್ವ ತಾನೇ ಒಳಗೆ ಹೋಗಿ ಮಗನ ಕಂಬಳಿಯನ್ನು ತಂದು ಕೊಟ್ಟಿಗೆಗೆ ಎಸೆದಳು. ಹೆಂಗಸರು ನೀಲವ್ವನನ್ನು ಸುತ್ತುವರಿದು ಕೇಳಿದರು. “ಯಾವ ತೀರ್ಥ ಹಾಕಿ ಬೆಳಿಸಿದಿ ತಾಯಿ?”

ನೀಲವ್ವ ಗಂಡನ ಮುಖ ನೋಡಿದಳು. ಒಂದು ಮಾತು ಹೇಳಿದರೆ ದೇವಿ ಇಳಿಯುತ್ತಿದ್ದಳು, ಕಂಬಳಿ ಒಳಗೆ ಬರುತ್ತಿತ್ತು. ಆದರೆ ಸುತ್ತಲಿನ ಒಂದೊಂದು ತುರುಬಿನಲ್ಲೂ ಒಂದೊಂದು ರುಮಾಲಿನಲ್ಲೂ ಆ ಸಸಿ ಇತ್ತು. ಗೌಡರ ಹೊಟ್ಟೆಯಲ್ಲೂ ಇತ್ತು. ಇಬ್ಬರೂ ನೆಲ ನೋಡಿದರು.

ಕೊಟ್ಟಿಗೆಯಲ್ಲಿ ಉಡಚಪ್ಪ ಎತ್ತುಗಳ ನಡುವೆ ಕಂಬಳಿ ಹಾಸಿಕೊಂಡ. ಹಕೀಮರು ಹೇಳಿದ್ದರಲ್ಲಿ ಅರ್ಧವಾದರೂ ಆಗಲಿ ಎಂದು ಕುಡಿಕೆಯ ಬಾಯಿ ಬಿಚ್ಚಿ ಒಂದು ಬೆರಳು ಲೇಹ್ಯ ನೆಕ್ಕಿದ.