ಮಸ್ಕಿ ತಪ್ಪಿಸುವ ದಾರಿ

ದಾರಿ ಹೇಳುವ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಹಾಕಿದರೆ ನಮ್ಮ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮಾಸ್ತರನಾಗಿದ್ದೆ. ಒಂದೂರಿನಿಂದ ಇನ್ನೊಂದೂರಿಗೆ ಹತ್ತಿರದ ದಾರಿ ಯಾವುದು, ಅದು ಬಿಟ್ಟರೆ ಎರಡನೆಯದು ಯಾವುದು, ಮೂರನೆಯದು ಯಾವುದು ಎಂದು ಸಾಲಾಗಿ ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಹುಚ್ಚು.

೧. ಎಷ್ಟು ಹೊತ್ತು?

ಬೋರ್ಡಿನ ಮೇಲೆ ಊರುಗಳಿಗೆ ಚುಕ್ಕಿ ಇಟ್ಟು, ರಸ್ತೆಗಳಿಗೆ ಗೆರೆ ಎಳೆದೆ. ಪ್ರತಿ ಗೆರೆಯ ಮೇಲೂ ಎಷ್ಟು ಹೊತ್ತಿನ ದಾರಿ ಎಂದು ಬರೆದುಕೊಟ್ಟರೆ, ಕಂಪ್ಯೂಟರ್ ಎಲ್ಲ ಕೂಡಿಸಿ ಕಡಿಮೆಯದನ್ನು ಆರಿಸುತ್ತದೆ ಎಂದು ವಿವರಿಸಿದೆ.

"ಸಿಂಧನೂರಿನಿಂದ ಮಸ್ಕಿಗೆ ಎಷ್ಟು ಹೊತ್ತು?"

"ಒಂದು ತಾಸು ರೀ ಸರ" ಎಂದ ಒಬ್ಬ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮುಂದ ನೆಲ್ಲಿನ ಚೀಲ ಹೇರಿದ ಟ್ರ್ಯಾಕ್ಟರ್ ಇದ್ರ ರೀ?"

"ಇದ್ದರೆ ಎಷ್ಟು?"

"ಅದು ಟ್ರ್ಯಾಕ್ಟರಿನವಗೂ ಗೊತ್ತಿರಂಗಿಲ್ಲ ರೀ ಸರ."

೨. ಯಂತ್ರದ ಆಸೆ

ಕೇಂದ್ರದ ಯಜಮಾನರಿಗೆ ಅಕ್ಕಿ ಗಿರಣಿಯೂ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, "ಲಿಂಗಸುಗೂರಿಗೆ ದಾರಿ ಕೇಳ್ರಿ" ಎಂದರು. ಪ್ರಿಂಟರು ಕರಕರ ಎಂದು, ಮೊದಲು ಹಟ್ಟಿಗೆ ಹೋಗಿ ಅಲ್ಲಿಂದ ಲಿಂಗಸುಗೂರಿಗೆ ಬನ್ನಿ ಎಂದು ಅಚ್ಚು ಹಾಕಿತು. ಹಟ್ಟಿ ಇರುವುದು ಲಿಂಗಸುಗೂರಿನಿಂದಾಚೆ; ಅಲ್ಲಿನ ರಸ್ತೆಗಳಿಗೆಲ್ಲ ನಾನು ಅವಸರದಲ್ಲಿ ಸೊನ್ನೆ ಒತ್ತಿದ್ದೆ. ಪಾಪ, ಕಂಪ್ಯೂಟರು ಪುಕ್ಕಟೆ ದಾರಿ ಎಂದುಕೊಂಡಿತ್ತು.

ನಾಚಿಕೆಯಿಂದ ತಲೆ ತಗ್ಗಿಸಿದೆ. ಯಜಮಾನರು ಬೆನ್ನು ತಟ್ಟಿದರು. "ಇರ್ಲಿ ಬಿಡ್ರಿ ಮಾಸ್ತರ. ಬಂಗಾರದ ಗಣಿ ಅಂದ್ರ ಯಂತ್ರಕ್ಕೂ ಆಸಿ ಇರತೈತಿ."

೩. ಎರಡನೆಯ ದಾರಿ

ನಮ್ಮ ಜವಾನನ ಮಗಳಿಗೆ ಹಟ್ಟಿಯಿಂದ ಸಂಬಂಧ ಬಂದಿತ್ತು. ಹುಡುಗನ ತಂದೆಗೆ ಗಣಿಯಲ್ಲಿ ಕೆಲಸ. ಆತ ಮಧ್ಯಾಹ್ನದ ಪಾಳಿಗೆ ಹೋಗುವುದರೊಳಗೆ ಮಾತುಕತೆ ಮುಗಿಯಬೇಕು. ಜವಾನ ಎರಡು ಸಲ ಹೊರಟು, ಎರಡು ಸಲವೂ ಆತ ಹೋದ ಮೇಲೆ ಮುಟ್ಟಿದ್ದ. ಇನ್ನೊಮ್ಮೆ ತಡವಾದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ಮಗಳಿಗೋ ಹುಡುಗ ಮನಸ್ಸಿಗೆ ಬಂದಿದ್ದ. ಜವಾನನ ಮುಖ ನೋಡಿ ನನಗೇ ಸಂಕಟವಾಯಿತು.

ಕಂಪ್ಯೂಟರನ್ನು ಕೇಳಿದೆ. ಮೊದಲ ದಾರಿ: ಮಸ್ಕಿ, ಲಿಂಗಸುಗೂರು, ಹಟ್ಟಿ.

"ಅದು ಬ್ಯಾಡ್ರೀ ಸರ. ಮಸ್ಕ್ಯಾಗ ನಮ್ಮಕ್ಕ ಅದಾಳ. ಬಸ್ ಸ್ಟ್ಯಾಂಡಿಗೇ ಬಂದು ಇಳಿಸಿಕೊಂತಾಳ, ಉಣಲಾರದ ಬಿಡಂಗಿಲ್ಲ. ಎರಡು ಸಲಾನೂ ಹಂಗ ಆತು."

"ಬೇಡ ಅನ್ನಬೇಕಪ್ಪ."

"ಅಕ್ಕಗ ಬ್ಯಾಡ ಅನ್ನೋದು ಹೆಂಗ ರೀ?"

ಅದೂ ನಿಜವೇ. ಎರಡನೆಯ ದಾರಿ ಬರೆದುಕೊಟ್ಟೆ: ಜವಳಗೇರಾ, ಮಾನ್ವಿ, ಸಿರವಾರ ಸುತ್ತಿಕೊಂಡು ಹಟ್ಟಿ. ಮೊದಲ ಬಸ್ಸಿಗೆ ಗಂಡ ಹೆಂಡತಿ ಹೊರಟರು.

ಮರುದಿನ ಜವಾನ ಪೇಡೆ ಹಿಡಿದು ಬಂದ.

"ಹೊತ್ತಿಗೆ ಸರಿಯಾಗಿ ಮುಟ್ಟಿದಿಯಾ?"

"ಮುಟ್ಟಿದೆ ರೀ. ಅವರ ಬಾಗಲಾಗ ನಮ್ಮಕ್ಕ ನಿಂತಿದ್ಳು."

ಅವನ ಹೆಂಡತಿ ಗುಟ್ಟಾಗಿ ಮಸ್ಕಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದ್ದಳಂತೆ. ಸೋದರತ್ತೆ ಇಲ್ಲದೆ ಮದುವೆಯ ಮಾತೇನು? ಅಕ್ಕ ಮೊದಲ ದಾರಿ ಹಿಡಿದು ಇವರಿಗಿಂತ ಮುಂಚೆ ಮುಟ್ಟಿ, ಮಾತು ಮುಗಿಸಿ, ದಿನವನ್ನೂ ಗೊತ್ತು ಮಾಡಿದ್ದಳು.

"ನಿನ್ನನ್ನು ನೋಡಿ ಏನಂದಳು?"

ಜವಾನ ಪೇಡೆಯನ್ನು ನನ್ನ ಕೈಗಿಟ್ಟ. "'ಯಾಕ ತಮ್ಮಾ, ಊರೆಲ್ಲಾ ಸುತ್ತಿ ಬಂದಿಯೇನು? ಮಾತು ಮುಗದೈತಿ. ಬುತ್ತಿ ತಂದೀನಿ, ಮೊದಲ ಉಣ್ಣು' ಅಂದ್ಳು ರೀ ಸರ."